ಸುಳಿಯೋ, ಬೆಸುಗೆಯೋ

ಜರ್ಮನಿಯ ಆಖೆನ್ ಊರಿನ ಒಂದು ಪ್ರಯೋಗಾಲಯದಲ್ಲಿ ಹೆರ್ ಬ್ರೆನೆಕೆ ಎಂದರೆ ಬೆಸುಗೆ, ಅಂದರೆ ಎರಡು ತುಂಡು ಕೂಡುವ ಜಾಗ, ಕಂಡಲ್ಲೆಲ್ಲ ಬೆವರುವ ಆಸಾಮಿ. ವಿಮಾನದ ರೆಕ್ಕೆಯ ಹಿಂದೆ ಸುಳಿಯುವ ಗಾಳಿಯನ್ನು ಅಲ್ಲಿನ ಕಂಪ್ಯೂಟರ್ ಪುಟ್ಟ ಪುಟ್ಟ ಡಬ್ಬಿಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಡಬ್ಬಿಗೂ ಡಬ್ಬಿಗೂ ನಡುವಿನ ಬೆಸುಗೆಯಲ್ಲಿ ಅಂಕಿಗಳು ಹೊಂದದೆ ನೆಗೆಯುತ್ತವೆ. ಆ ನೆಗೆತವನ್ನು ಉಜ್ಜಿ ನುಣ್ಣಗೆ ಮಾಡದೆ, ಗಾಳಿಯ ಓಟವನ್ನು ದೊಡ್ಡ ಸಣ್ಣ ಅಲೆಗಳಾಗಿ ಬಿಡಿಸಿ ನಕ್ಷೆ ಬರೆದರೆ ಗಾಳಿಯಲ್ಲಿ ಇಲ್ಲದ ಸುಳಿಗಳು ಅದರಲ್ಲಿ ಎದ್ದು ಕೂರುತ್ತವೆ. ಜಾಸ್ತಿ ಉಜ್ಜಿದರೆ ಇರುವ ಸುಳಿಗಳೂ ಅಳಿಸಿಹೋಗುತ್ತವೆ. ಇವೆರಡರ ನಡುವೆ ಬ್ರೆನೆಕೆಯ ಊಟ ನಿದ್ದೆ ಸಿಕ್ಕಿಬಿದ್ದಿವೆ. ನಕ್ಷೆಯ ಬಾಲದಲ್ಲಿ, ಸಣ್ಣ ಅಲೆಗಳಿರುವ ತುದಿಯಲ್ಲಿ, ಒಂದು ಉಬ್ಬು ಕಂಡರೆ ಸಾಕು, “ಇದು ಗಾಳಿದೋ, ನಮ್ದೋ?” ಎಂದು ಉಗುರು ಕಚ್ಚುತ್ತಾನೆ. ಕ್ಯಾಂಟೀನಿನಲ್ಲಿ ಎರಡು ಮೇಜು ಕೂಡಿದ ಕಡೆ ಸೂಪಿನ ಬಟ್ಟಲು ಇಡುವುದಿಲ್ಲ. “ಹೆಂಡ್ತಿ ಮಾತಿನ ಮಧ್ಯೆ ಉಸಿರು ತಗೊಂಡ್ರೂ ಉಜ್ಜಿ ನುಣ್ಣಗೆ ಮಾಡ್ತೀಯೇನೋ ಮಾರಾಯ!” ಎಂದು ಸಹೋದ್ಯೋಗಿ ವೀಬ್ಕೆ ರೇಗಿಸಿದರೆ ನಗುವುದೂ ಇಲ್ಲ. ಮೊನ್ನೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಹೃದಯಬಡಿತದ ಗೆರೆ ಮೂಡಿದ ಕಾಗದದ ಪಟ್ಟಿಯನ್ನು ಅವನ ಮುಂದೆ ಹರಡಿ, ಒಂದು ನೆಗೆತದ ಮೇಲೆ ಬೆರಳಿಟ್ಟರು. “ಕಾಗದ ಅಂಟಿಸಿದ ಜಾಗ ಅಲ್ವಾ ಡಾಕ್ಟ್ರೇ?” ಎಂದ ಬ್ರೆನೆಕೆ, ಆಸೆಯಿಂದ. “ಅಲ್ಲ, ಇದು ಒಂದೇ ಕಾಗದ. ಆ ನೆಗೆತ ನಿಮ್ದೇ.” ಬ್ರೆನೆಕೆ ತಲೆಯಾಡಿಸಿ ಒಪ್ಪಿಕೊಂಡ; ಹೆಬ್ಬೆರಳು ಮಾತ್ರ ಆ ಜಾಗವನ್ನು ಮೆಲ್ಲಗೆ ಉಜ್ಜುತ್ತಲೇ ಇತ್ತು.