ಲಂಗರು ನೀರಿನಲ್ಲಿ ಇಂಗ್ಲಿಷ್ ಕಲಿತ ಬೊಕ್‌ಸಿಮ್

ಬೆಳಗಿನ ಐದೂಕಾಲು. ದಕ್ಷಿಣ ಕೊರಿಯಾದ ಯೊಸು ಬಂದರಿನಾಚೆ ಲಂಗರು ಹಾಕಿ ನಿಂತಿರುವ ಎಣ್ಣೆ ಹಡಗಿನ ಪಕ್ಕಕ್ಕೆ ‘ಗಾಲ್ಮೆಗಿ’ ಎಂಬ ಸಣ್ಣ ಲಾಂಚು ಸರಿಯುತ್ತಿದೆ. ಹಡಗಿನ ಮೈ ಐದಂತಸ್ತಿನ ಕಟ್ಟಡದಷ್ಟು ಎತ್ತರ. ಚುಕ್ಕಾಣಿ ಹಿಡಿದ ಹೆಂಗಸು ಎಡಗೈಯಲ್ಲಿ ವೈರ್‌ಲೆಸ್ ಎತ್ತಿಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುತ್ತಾರೆ. ಮೇಲಿನಿಂದ ಏಣಿ ಒಂದು ಮೊಳ ಕೆಳಗಿಳಿಯುತ್ತದೆ. ಇನ್ನೆರಡು ಮಾತು. ಏಣಿ ನಿಲ್ಲುತ್ತದೆ. ಅಲೆ ಲಾಂಚನ್ನು ಎತ್ತಿ ಏಣಿಯ ಕೊನೆಯ ಮೆಟ್ಟಿಲಿಗೆ ಸಮ ಮಾಡಿದ ಗಳಿಗೆಯಲ್ಲಿ ಆಕೆ “ನೌ!” ಎಂದು ಕೂಗುತ್ತಾರೆ. ಫಿಲಿಪ್ಪೀನ್ಸಿನ ಹುಡುಗನೊಬ್ಬ ಕಾಲಿಟ್ಟು ಒಳಗೆ ಬರುತ್ತಾನೆ.

“ಗುಡ್ ಮಾರ್ನಿಂಗ್, ಮಮ್ಮಾ.”

“ಮಾರ್ನಿಂಗ್. ಯು ಲುಕ್ ಗ್ರೀನ್.”

ವರದಿ ಬರೆಯಲೆಂದು ಲಾಂಚಿನಲ್ಲಿ ಕೂತಿರುವ ನಾನು ಹುಡುಗನ ಮುಖ ನೋಡುತ್ತೇನೆ. ಹಸಿರೇನೂ ಕಾಣುವುದಿಲ್ಲ. ಆಕೆ ನನ್ನ ಕಡೆ ತಿರುಗಿ, “ಗ್ರೀನ್ ಅಂದ್ರೆ ಇಲ್ಲಿ ಬಣ್ಣ ಅಲ್ಲಪ್ಪ. ವಾಂತಿ ಬರೋ ಹಾಗಿದಾನೆ ಅಂತ. ಆ ಬಕೆಟ್ ಸ್ವಲ್ಪ ಅವನ ಹತ್ರ ತಳ್ಳಿ,” ಎನ್ನುತ್ತಾರೆ. ಬಕೆಟ್ ಸರಿಯಾದ ಹೊತ್ತಿಗೇ ತಲುಪುತ್ತದೆ.

ಇವರು ಗುಕ್ ಬೊಕ್‌ಸಿಮ್. ವಯಸ್ಸು ಅರವತ್ಮೂರು. ಬಂದರಿನವರಿಗೆಲ್ಲ ಇವರು ‘ಇಮೋ’, ಅಂದರೆ ಚಿಕ್ಕಮ್ಮ. ದಡಕ್ಕೂ ದೊಡ್ಡ ಹಡಗುಗಳಿಗೂ ನಡುವೆ ನಾವಿಕರನ್ನು, ತರಕಾರಿಯನ್ನು, ಔಷಧಿಯನ್ನು, ಕಾಗದಪತ್ರವನ್ನು ಸಾಗಿಸುವುದು ಇವರ ಕೆಲಸ. ದಿನಕ್ಕೆ ಏಳೆಂಟು ಸುತ್ತು, ಗಾಳಿ ಜೋರಾದರೆ ನಾಲ್ಕು. ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ದೇಶದವರನ್ನು ದಾಟಿಸಿದ್ದೀರಿ ಎಂದು ಕೇಳಿದರೆ ಬೆರಳು ಮಡಚುತ್ತಾ ಹೋಗಿ ನಲವತ್ತೊಂದಕ್ಕೆ ನಿಲ್ಲಿಸುತ್ತಾರೆ. ಎಂಜಿನ್ನಿನ ಪಕ್ಕದಿಂದ ಗಂಡ ಓ ಪಿಲ್‌ಮೊ ಮಗಳ ಹೆಸರು ಹಿಡಿದು ಕೂಗುತ್ತಾರೆ: “ಸೊರಾ ಅಮ್ಮ, ಐಸ್‌ಲ್ಯಾಂಡ್ ಮರೆತೆ!” ನಲವತ್ತೆರಡು.

ಬೊಕ್‌ಸಿಮ್ ಓದಿದ್ದು ಆರನೇ ತರಗತಿ. ಹುಟ್ಟಿದ್ದು ಗಮೊದೊ ದ್ವೀಪದಲ್ಲಿ. ಹದಿಮೂರಕ್ಕೆ ಮೀನು ಡಬ್ಬಿ ತುಂಬುವ ಕಾರ್ಖಾನೆ ಸೇರಿದರು. ಮೂವತ್ತೇಳರವರೆಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ಗಂಡ ಲಾಂಚಿನ ಎಂಜಿನ್ ಕೆಲಸಕ್ಕೆ ಸೇರಿದಾಗ ಇವರೂ ಹಗ್ಗ ಹಿಡಿಯಲು ಬಂದರು. ಮೂರನೇ ಪ್ರಯತ್ನದಲ್ಲಿ ಸಣ್ಣ ದೋಣಿ ನಡೆಸುವ ಪರವಾನಗಿಯೂ ಸಿಕ್ಕಿತು. ಆಗ ಮಗಳು ಸೊರಾ ಮಧ್ಯಮ ಶಾಲೆಯಲ್ಲಿದ್ದಳು. ಅವಳ ಪದಗಳ ಪುಸ್ತಕವನ್ನು ಎರವಲು ಪಡೆದು ಅಮ್ಮ ದಿನಕ್ಕೆ ಮೂವತ್ತು ಪದ ಬಾಯಿಪಾಠ ಮಾಡತೊಡಗಿದರು. ಎಡಗಡೆ ಇಂಗ್ಲಿಷ್, ಬಲಗಡೆ ಕೊರಿಯನ್. ಒಂದಕ್ಕೆ ಒಂದು. ನಮ್ಮ ದೇಶದಲ್ಲಿ ಎಲ್ಲರೂ ಕಲಿಯುವುದು ಹಾಗೆಯೇ.

“ಎಂಟುನೂರು ಪದ ಬಾಯಿಗೆ ಬಂದಿತ್ತು. ಇನ್ನು ನನ್ನ ಯಾರು ತಡೀತಾರೆ ಅಂದ್ಕೊಂಡಿದ್ದೆ,” ಎಂದು ಬೊಕ್‌ಸಿಮ್ ನಗುತ್ತಾರೆ.

ತಡೆದದ್ದು ಆ ಎಂಟುನೂರರಲ್ಲೇ ಒಂದು. ಚುಕ್ಕಾಣಿ ಹಿಡಿದು ನಾಲ್ಕನೇ ತಿಂಗಳು. ಗ್ರೀಕ್ ಹಡಗೊಂದರ ಬಳಿ ಹೋದಾಗ ಮೇಲಿನಿಂದ ಅಧಿಕಾರಿ “ಮೇಕ್ ಫಾಸ್ಟ್! ಮೇಕ್ ಫಾಸ್ಟ್!” ಎಂದು ಕೂಗಿದ. ಫಾಸ್ಟ್ ಎಂದರೆ ಬೇಗ. ಪುಸ್ತಕದ ಹನ್ನೆರಡನೇ ಪುಟದಲ್ಲೇ ಇತ್ತು. ಬೊಕ್‌ಸಿಮ್ ವೇಗ ಹೆಚ್ಚಿಸಿದರು. ಅವನು ಹೇಳಿದ್ದು ಹಗ್ಗ ಬಿಗಿದು ಕಟ್ಟು ಎಂದು. ಲಾಂಚು ಏಣಿಗೆ ಗುದ್ದಿತು. ಮೆಟ್ಟಿಲು ಮುರಿದು ನಾವಿಕನೊಬ್ಬ ನೀರಿಗೆ ಬಿದ್ದ. ಪಿಲ್‌ಮೊ ಕೊಕ್ಕೆ ಹಾಕಿ ಎಳೆಯದಿದ್ದರೆ ಹಡಗಿಗೂ ಲಾಂಚಿಗೂ ನಡುವೆ ಅವನು ಅಪ್ಪಚ್ಚಿಯಾಗುತ್ತಿದ್ದ.

ಆಗಿನ ಮಾಲೀಕ ದಡದ ಮೇಲೆ ಎಲ್ಲರ ಎದುರಿಗೆ ಹೇಳಿದ: “ಇಂಗ್ಲಿಷ್ ಬರ್ದೇ ಇರೋಳಿಗೆ ಚುಕ್ಕಾಣಿ ಯಾಕೆ? ನೆಲ ಒರೆಸು, ಹೋಗು.”

ಹದಿನಾಲ್ಕು ತಿಂಗಳು ನೆಲ ಒರೆಸಿದರು.

ಮೊದಲ ವಾರ ಅತ್ತರಂತೆ. ಎರಡನೇ ವಾರ ಮಗಳ ಪುಸ್ತಕವನ್ನು ಹಿಂದಕ್ಕೆ ಕೊಟ್ಟುಬಿಟ್ಟರು. ಚುಕ್ಕಾಣಿ ಇಲ್ಲದ್ದರಿಂದ ಕಿವಿಗಳಿಗೆ ಬಿಡುವಿತ್ತು. ಒರೆಸುತ್ತಾ ಕೇಳಿಸಿಕೊಳ್ಳತೊಡಗಿದರು. ಉಬ್ಬರ-ಇಳಿತದ ಪಟ್ಟಿಯ ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲಿ ಬರೆದುಕೊಂಡರು. ಪದ ಮಾತ್ರ ಅಲ್ಲ. ಯಾರು ಹೇಳಿದ, ಎಲ್ಲಿ ನಿಂತಿದ್ದ, ಕೈಯಲ್ಲಿ ಏನಿತ್ತು, ಮುಖ ಹೇಗಿತ್ತು, ಗಾಳಿ ಯಾವ ಕಡೆಯದು, ಎಲ್ಲವನ್ನೂ.

“ಪುಸ್ತಕದಲ್ಲಿ ಪದ ಒಣಮೀನಿನ ಥರ ಇರುತ್ತೆ. ನೇತಾಕಿರ್ತಾರೆ, ಕಣ್ಣು ಬಿಟ್ಕೊಂಡಿರುತ್ತೆ, ಅಲ್ಲಾಡಲ್ಲ. ನೀರಲ್ಲಿರೋವಾಗ ನೋಡ್ಬೇಕು, ಯಾವ ಕಡೆ ತಿರುಗುತ್ತೆ, ಯಾರ ಜೊತೆ ಹೋಗುತ್ತೆ ಅಂತ,” ಎನ್ನುತ್ತಾರೆ.

ಆ ಫಾಸ್ಟ್ ಎಂಬ ಪದವನ್ನೇ ಅವರು ಬೆನ್ನಟ್ಟಿದರು. ಒಂದು ದಿನ ಇಂಡೋನೇಷ್ಯಾದ ಅಡುಗೆಯವನಿಗೆ ಬೇಯಿಸಿದ ಮೊಟ್ಟೆ ಕೊಡಲು ಹೋದರೆ ಅವನು ಎದೆಯ ಮೇಲೆ ಕೈಯಿಟ್ಟು “ಫಾಸ್ಟಿಂಗ್, ಮಮ್ಮಾ” ಎಂದ. ಬೇಗಬೇಗ ಎಲ್ಲಿಗೆ ಹೊರಟಿದ್ದಾನೆ ಇವನು ಎಂದು ಬೊಕ್‌ಸಿಮ್ ದಾರಿ ಬಿಟ್ಟು ನಿಂತರು. ಅವನು ಕದಲಲಿಲ್ಲ. ಸೂರ್ಯನನ್ನು ತೋರಿಸಿದ, ಅದು ಮುಳುಗುವುದನ್ನು ಕೈಯಲ್ಲಿ ಅಭಿನಯಿಸಿದ, ಆಮೇಲೆ ಮೊಟ್ಟೆ ನುಂಗುವುದನ್ನು. ಉಪವಾಸ! ಆ ಪುಟದಲ್ಲಿ ಈಗಲೂ ಒಂದು ಮೊಟ್ಟೆ, ಒಂದು ಸೂರ್ಯ ಬರೆದಿದೆ.

ಕಾಪಿಯ ಕಥೆಯನ್ನು ಅವರ ಗಂಡನ ಬಾಯಲ್ಲೇ ಕೇಳಬೇಕು. ಕುಡಿಯುವ ಕಾಫಿಗೆ ನಮ್ಮ ಕೊರಿಯನ್ನಿನಲ್ಲಿ ‘ಕೊಪಿ’ ಎನ್ನುತ್ತಾರೆ. ವೈರ್‌ಲೆಸ್ಸಿನಲ್ಲಿ ಹಡಗಿನವರು ಪ್ರತಿ ಮಾತಿಗೂ “ಕಾಪಿ, ಕಾಪಿ” ಎನ್ನುತ್ತಿದ್ದರು. “ಇವಳು ನೋಡಿ, ಪಾಪ ಹಡಗಿನೋರಿಗೆ ಕಾಫಿ ಮುಗ್ದೋಗಿದೆ ಅಂತ ದೊಡ್ಡ ಫ್ಲಾಸ್ಕ್ ತುಂಬ್ಕೊಂಡು ಹೊರಟ್ಲು. ಹತ್ತು ದಿನ! ಹತ್ತು ಹಡಗಿಗೆ! ಅವರೂ ಬೇಡ ಅನ್ನದೇ ಕುಡಿದ್ರು ನೋಡಿ,” ಎಂದು ಪಿಲ್‌ಮೊ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಹನ್ನೊಂದನೇ ದಿನ ಒಬ್ಬ ಭಾರತೀಯ ಕ್ಯಾಪ್ಟನ್ ಕೇಳಿದನಂತೆ, ಈ ಬಂದರಿನಲ್ಲಿ ಇದು ಸಂಪ್ರದಾಯವೇ ಎಂದು. ಕಾಪಿ ಎಂದರೆ ‘ಕೇಳಿಸಿತು, ತಿಳಿಯಿತು’ ಎಂದು ಬೊಕ್‌ಸಿಮ್‌ಗೆ ಗೊತ್ತಾದದ್ದು ಅವನಿಂದ.

“ನಗ್ರೀ, ನಗ್ರೀ,” ಎಂದು ಆಕೆ ಗಂಡನಿಗೆ ಗದರುತ್ತಾರೆ. “ನಿಮಗೆ ಇವತ್ತಿಗೂ ಥ್ಯಾಂಕ್ಯೂ ಬಿಟ್ಟು ಎರಡನೇ ಮಾತು ಬರಲ್ಲ.”

“ನನಗ್ಯಾಕೆ ಬೇಕು? ನಮ್ಮನೇಲಿ ಒಬ್ಬಳು ಇಂಗ್ಲಿಷಲ್ಲಿ ನಗ್ತಾಳೆ, ಕೊರಿಯನ್ನಲ್ಲಿ ಬೈತಾಳೆ. ಬೈಗುಳ ಅರ್ಥವಾದ್ರೆ ಸಾಕಲ್ಲ.”

ಉಚ್ಚಾರಣೆಗೂ ಅವರದೇ ದಾರಿ. ನಮ್ಮ ಕೊರಿಯನ್ ಲಿಪಿಯಲ್ಲಿ ರ-ಲ ಎರಡಕ್ಕೂ ಒಂದೇ ಅಕ್ಷರ. ಎಫ್‌ಗೆ ಅಕ್ಷರವೇ ಇಲ್ಲ. ಹಾಗಾಗಿ ಬೊಕ್‌ಸಿಮ್ ಪದದ ಕೆಳಗೆ ಗುರುತು ಹಾಕುತ್ತಾರೆ. ಸಣ್ಣ ಹಲ್ಲಿನ ಚಿತ್ರವಿದ್ದರೆ ಕೆಳತುಟಿ ಕಚ್ಚಬೇಕು. ಮೊಳೆಯಿದ್ದರೆ ನಾಲಿಗೆ ಮೇಲಕ್ಕೆ ಅಂಟಬೇಕು. ಅಲೆಯಿದ್ದರೆ ನಾಲಿಗೆ ಎಲ್ಲಿಗೂ ತಾಗದೆ ತೇಲಬೇಕು.

ಚುಕ್ಕಾಣಿ ಮರಳಿ ಬಂದದ್ದು ಹದಿನಾಲ್ಕನೇ ತಿಂಗಳ ಕೊನೆಗೆ. ಆ ದಿನ ಮಾಲೀಕನೂ ಲಾಂಚಿನಲ್ಲಿದ್ದ. ಎದುರಿನ ಹಡಗಿನಿಂದ “ವಿ ಆರ್ ಡ್ರ್ಯಾಗಿಂಗ್” ಎಂದು ಕೇಳಿಸಿತು. ಏನನ್ನೋ ಎಳೆಯುತ್ತಿದ್ದಾರೆ ಎಂದುಕೊಂಡ ಹೊಸ ಚಾಲಕ ಹತ್ತಿರ ಹತ್ತಿರ ಹೋದ. ನೆಲ ಒರೆಸುತ್ತಿದ್ದ ಬೊಕ್‌ಸಿಮ್ ಬಟ್ಟೆ ಬಿಸಾಡಿ ಎದ್ದರು. “ಅವರ ಲಂಗರು ಜಾರ್ತಿದೆ! ಹಡಗು ನಮ್ಮ ಮೇಲೆ ಬರ್ತಿದೆ, ಹಿಂದಕ್ಕೆ ತಗೊಳ್ಳಿ!” ಲಾಂಚು ಪಾರಾಯಿತು. ಮಾರನೆಯ ದಿನ ಮಾಲೀಕ ಕೀಲಿಯನ್ನು ಅವರ ಮುಂದೆ ಇಟ್ಟು ಹೋದ.

ಅವತ್ತಿನಿಂದ ಕೀಲಿ ಅವರ ಬಳಿಯೇ ಇದೆ. ಪಟ್ಟಿಗಳ ಹಿಂಬದಿ ಸಾಲದೆ ನೀರು ಹಿಡಿಯದ ಟಿಪ್ಪಣಿ ಪುಸ್ತಕಗಳು ಬಂದವು. ಇಂದಿಗೆ ಮೂವತ್ತೊಂದು ಪುಸ್ತಕ. ಪದಗಳು ನಾಲ್ಕು ಸಾವಿರ ದಾಟಿವೆ.

ಕಳೆದ ನವೆಂಬರಿನ ಸಂಜೆ ನಾಲ್ಕು ಗಂಟೆಗೆ ಅವುಗಳಲ್ಲಿ ಒಂದು ಪದ ಒಂದು ಜೀವ ಉಳಿಸಿತು.

ಆ ದಿನ ಲಾಂಚಿನಲ್ಲಿ ಬಾನ್ ತೇಓ ಎಂಬ ಇಪ್ಪತ್ತೊಂಬತ್ತರ ಯುವಕನಿದ್ದ. ಹಡಗು ಕಂಪನಿಗಳ ಪರವಾಗಿ ಬಂದರಿನ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್. ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬೈನೂರ ತೊಂಬತ್ತಕ್ಕೆ ಒಂಬೈನೂರ ಎಪ್ಪತ್ತು ತೆಗೆದವನು. ಉರುವಲಿಗೆಂದು ಮರದ ಪುಡಿಯ ಗುಳಿಗೆಗಳನ್ನು ಹೊತ್ತು ಬಂದ ಹಡಗಿಗೆ ಇಬ್ಬರೂ ಹೊರಟಿದ್ದರು. ಅಲೆ ಎರಡಾಳೆತ್ತರ. ವೈರ್‌ಲೆಸ್ಸು ಗೊರಗೊರ ಎನ್ನುತ್ತಿತ್ತು. ನಡುವೆ ತುಂಡು ತುಂಡಾಗಿ ಒಂದು ದನಿ: “ಮ್ಯಾನ್ ಡೌನ್… ತ್ರೀ… ಹೋಲ್ಡ್…”

“ಯಾರೋ ಕೆಳಗಿಳಿದು ಬರ್ತಿದಾರಂತೆ, ಇಮೋ,” ಎಂದ ತೇಓ. “ಸ್ವಲ್ಪ ತಡೀಬೇಕಂತೆ. ಹೋಲ್ಡ್ ಅಂದ್ರಲ್ಲ.”

ಬೊಕ್‌ಸಿಮ್ ಆಗಲೇ ವೇಗದ ಸನ್ನೆಗೋಲನ್ನು ಕೊನೆಯವರೆಗೆ ತಳ್ಳಿದ್ದರು. “ತಡಿಯೋದಲ್ಲ ಕಣೋ! ಹೋಲ್ಡ್ ಅಂದ್ರೆ ಹಡಗಿನ ಹೊಟ್ಟೆ. ಸರಕು ತುಂಬೋ ಜಾಗ. ಮೂರನೇ ಹೊಟ್ಟೇಲಿ ಒಬ್ಬ ಬಿದ್ದಿದಾನೆ!”

ಮರದ ಸರಕು ಮುಚ್ಚಿದ ಜಾಗದಲ್ಲಿ ಉಸಿರಾಡುವ ಗಾಳಿಯನ್ನು ತಿಂದುಬಿಡುತ್ತದೆ. ಒಳಗಿಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ಹೋದವನೂ ಅಷ್ಟೇ. ಬೊಕ್‌ಸಿಮ್ ವೈರ್‌ಲೆಸ್ಸಿನಲ್ಲಿ ಕೂಗಿದರು: “ನೋಬಡಿ ಗೋ ಇನ್! ಬ್ಯಾಡ್ ಏರ್! ನೋಬಡಿ!”

ಆ ಕಡೆಯಿಂದ ಅಳುವ ದನಿ. ಬಿದ್ದವನು ಬರ್ಮಾದ ಸಾಯ್ ಲಿನ್. ಅವನ ಸೋದರಮಾವನ ಮಗ ಆಗಲೇ ಒಳಗಿನ ಏಣಿಗೆ ಕಾಲಿಟ್ಟಿದ್ದ.

“ಸ್ಟಾಪ್ ಹಿಮ್!” ಬೊಕ್‌ಸಿಮ್ ಹೇಳಿದರು. “ಹೀ ಗೋ ಇನ್, ಐ ಕ್ಯಾರಿ ಟೂ ಡೆಡ್. ಮಾಸ್ಕ್ ಫಸ್ಟ್. ಏರ್ ಬಾಟಲ್. ದೆನ್ ಗೋ.”

ಗಾಬರಿಯಲ್ಲಿ ಹಡಗಿನವರು ಮರೆತೇಬಿಟ್ಟಿದ್ದ ಉಸಿರಿನ ಸಿಲಿಂಡರುಗಳು ಹೊರಬಂದವು. ಇತ್ತ ಬೊಕ್‌ಸಿಮ್ ಕರಾವಳಿ ಕಾವಲಿನವರಿಗೆ ಕೊರಿಯನ್ನಿನಲ್ಲಿ ವಿಷಯ ತಿಳಿಸಿದರು. ಒಂಬತ್ತು ನಿಮಿಷಕ್ಕೆ ಮುಖವಾಡ ತೊಟ್ಟ ಇಬ್ಬರು ಸಾಯ್ ಲಿನ್‌ನನ್ನು ಮೇಲೆತ್ತಿದರು. ಉಸಿರು ನೂಲಿನಷ್ಟಿತ್ತು. ಕುಣಿಯುವ ಅಲೆಯಲ್ಲಿ ಲಾಂಚನ್ನು ಹಡಗಿನ ಮೈಗೆ ಒತ್ತಿ ಹಿಡಿದು ಸ್ಟ್ರೆಚರ್ ಇಳಿಸಿಕೊಂಡು, ಇಪ್ಪತ್ತೆರಡು ನಿಮಿಷದಲ್ಲಿ ದಡ ಮುಟ್ಟಿಸಿದರು. ದಾರಿಯುದ್ದಕ್ಕೂ ತೇಓ ಅವನ ಮುಖಕ್ಕೆ ಆಮ್ಲಜನಕ ಹಿಡಿದು ಕೂತಿದ್ದ. ಇನ್ನು ನಾಲ್ಕೈದು ನಿಮಿಷ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರಂತೆ ವೈದ್ಯರು.

ನಾನು ಆ ಪದದ ಪುಟ ನೋಡಬೇಕೆಂದೆ. ಹದಿನಾಲ್ಕನೆಯ ಪುಸ್ತಕ. ಅಲ್ಲಿ ಹೀಗೆ ಬರೆದಿದೆ: ‘ಹೋಲ್ಡ್. ಕೈಯಲ್ಲಿ ಹಿಡಿಯುವುದಲ್ಲ. ಹಡಗಿನ ಹೊಟ್ಟೆ. ಹೇಳಿದವನು ರೊಡೆಲ್, ಮರದ ದಿಮ್ಮಿಯ ಹಡಗು, ತೆಂಕಣ ಗಾಳಿ. ಅವನ ಗೆಳೆಯ ಅಲ್ಲಿಗಿಳಿದು ಮೇಲೆ ಬರಲಿಲ್ಲ. ರೊಡೆಲ್ ಅಳಲಿಲ್ಲ. ನಾನು ಕೊಟ್ಟ ಮೊಟ್ಟೆ ಸುಲಿದು ಕೈಯಲ್ಲೇ ಇಟ್ಟುಕೊಂಡಿದ್ದ.’

“ಇದನ್ನ ಬಾಯಿಪಾಠ ಮಾಡ್ಲಿಲ್ಲ ನಾನು,” ಎನ್ನುತ್ತಾರೆ ಬೊಕ್‌ಸಿಮ್. “ಹೋಲ್ಡ್ ಅಂತ ಕಿವಿಗೆ ಬಿದ್ರೆ ಆ ಹುಡುಗನ ಕೈ ಕಣ್ಮುಂದೆ ಬರುತ್ತೆ. ಮರೆಯೋದಾದ್ರೂ ಹೆಂಗೆ?”

ತೇಓ ಈಗ ಈ ಕಥೆಯನ್ನು ತಾನೇ ಎಲ್ಲರಿಗೂ ಹೇಳುತ್ತಾನೆ, ತನ್ನ ತಪ್ಪನ್ನು ಮುಚ್ಚಿಡದೆ. “ನನಗೆ ಹೋಲ್ಡ್‌ಗೆ ಹದಿನಾರು ಅರ್ಥ ಗೊತ್ತಿತ್ತು ಸರ್. ಇಮೋಗೆ ಗೊತ್ತಿದ್ದದ್ದು ಆ ಹೊತ್ತಿಗೆ ಯಾವುದು ಬೇಕು ಅಂತ.” ತಿಂಗಳ ಮೊದಲ ಶನಿವಾರ ಅವನೂ, ಅವನಂಥ ಹದಿನಾಲ್ಕು ಏಜೆಂಟರೂ ಗಾಲ್ಮೆಗಿಯ ಬೆಂಚುಗಳ ಮೇಲೆ ಕೂರುತ್ತಾರೆ. ಪದವಿ ಪಡೆದ ಹದಿನೈದು ಜನರಿಗೆ ಆರನೇ ತರಗತಿಯ ಟೀಚರು. ಪಾಠಕ್ಕೆ ಪುಸ್ತಕವಿಲ್ಲ, ಲಾಂಚನ್ನು ಹಡಗುಗಳು ಲಂಗರು ಹಾಕಿ ನಿಲ್ಲುವ ನೀರಿಗೆ ಒಯ್ದು ವೈರ್‌ಲೆಸ್ ಹಾಕುತ್ತಾರೆ. “ಈಗ ಅವನು ಏನಂದ? ಯಾಕಂದ? ಹೊರಗೆ ನೋಡ್ರೋ, ಕಾಗದ ನೋಡ್ಬೇಡಿ!” ಎಂದು ಗದರುತ್ತಾರೆ. ಪಾಠ ಮುಗಿದ ಮೇಲೆ ಎಲ್ಲರಿಗೂ ಗಿಂಬಾಪ್ ಎಂಬ ಅನ್ನದ ಸುರುಳಿ, ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಸಾಸಿವೆ ಸೊಪ್ಪಿನ ಕಿಮ್ಚಿ ಉಪ್ಪಿನಕಾಯಿ.

ನೆಲ ಒರೆಸಲು ಕಳಿಸಿದ್ದ ಮಾಲೀಕ ಈಗ ಎಪ್ಪತ್ತೆಂಟರ ಮುದುಕ. ಸುದ್ದಿ ಕೇಳಿ ಒಂದು ಪೆಟ್ಟಿಗೆ ಪಿಯರ್ ಹಣ್ಣು ಹೊತ್ತುಕೊಂಡು ದಕ್ಕೆಗೆ ಬಂದರಂತೆ. ಸೊಂಟ ನೋವಿದ್ದರೂ ಪೂರಾ ಬಾಗಿ ನಮಸ್ಕರಿಸಿದರಂತೆ. “ನೀವೇನು ಹೇಳಿದಿರಿ?” ಎಂದೆ. “ಹಣ್ಣು ಚೆನ್ನಾಗಿದೆ ಅಂದೆ. ಚೆನ್ನಾಗೇ ಇತ್ತು.”

ಸಾಯ್ ಲಿನ್ ಹನ್ನೆರಡನೇ ದಿನ ಆಸ್ಪತ್ರೆಯಿಂದ ಬಿಡುಗಡೆಯಾದ. ಹಡಗು ಅವನಿಗಾಗಿ ಕಾದಿತ್ತು. ಅವನನ್ನು ಮರಳಿ ಹಡಗಿಗೆ ಮುಟ್ಟಿಸಿದ್ದೂ ಬೊಕ್‌ಸಿಮ್ ಅವರೇ. ಬಿಸಿಲು ಚೆನ್ನಾಗಿತ್ತು, ನೀರು ಚಾಪೆ ಹಾಸಿದಂತೆ ಮಲಗಿತ್ತು. ಏಣಿ ಹತ್ತುವ ಮುಂಚೆ ಅವನು ಅವರ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಮೇಲೆ ಕಟಕಟೆಯುದ್ದಕ್ಕೂ ಇಪ್ಪತ್ತೊಂದು ಜನ ಸಾಲಾಗಿ ನಿಂತಿದ್ದರು, ಅಡುಗೆಯವನು ಸೌಟಿನ ಸಮೇತ. ಲಾಂಚು ದೂರ ಸರಿದ ಮೇಲೆ ಆ ದೊಡ್ಡ ಹಡಗು ಉದ್ದಕ್ಕೆ ಮೂರು ಸಲ ಕೂಗು ಹಾಕಿತು. ದಕ್ಕೆಯ ಮೇಲಿನ ಕೆಲಸಗಾರರೆಲ್ಲ ನಿಂತು ನೋಡಿದರು. ಹೀಗೆ ಮೂರು ಸಲ ಕೂಗುವುದು ಹಡಗಿನವರು ದೊಡ್ಡವರಿಗೆ ಸಲ್ಲಿಸುವ ಮರ್ಯಾದೆ.

ಬಂದರಿನ ವರದಿಯಲ್ಲಿ ಅದನ್ನು ‘ಬಂದರಿಗೆ ಸಲ್ಲಿಸಿದ ಕೃತಜ್ಞತೆ’ ಎಂದು ಬರೆದಿದ್ದಾರೆ. ನಾನು ಹಾಗೆಯೇ ಬರೆದುಕೊಳ್ಳುತ್ತಿರುವಾಗ ಬೊಕ್‌ಸಿಮ್ ನನ್ನ ಪೆನ್ನಿನ ಮೇಲೆ ಬೆರಳಿಟ್ಟು ನಿಲ್ಲಿಸುತ್ತಾರೆ.

“ಬಂದರಿಗಲ್ಲ. ಕೂಗಿದ್ದು ನನಗೆ. ಸರಿಯಾಗಿ ಬರ್ಕೊಳ್ಳಿ.”