ಮೊದಲು ಕೃತಜ್ಞತೆಯ ಪುಟ ಓದಿ

ಸಂಶೋಧನಾ ಪ್ರಬಂಧ ಓದುವುದು ಹೇಗೆ ಎಂದು ಕಲಿಸುವುದು ನನ್ನ ಕೆಲಸ. ಪುಣೆಯ ಧನಕವಡಿಯ ಕಡೆ ಒಂದು ಕಾಲೇಜಿನಲ್ಲಿ ಎಂ.ಎ. ಹುಡುಗ ಹುಡುಗಿಯರಿಗೆ ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಕಲಿಸಿದ್ದೇನೆ. ನಾನೇ ಬರೆದ ಪ್ರಬಂಧ ಎಷ್ಟು ಅಂತ ಮಾತ್ರ ಕೇಳಬೇಡಿ. ಕೇಳಿಯೇಬಿಟ್ಟಿರಾ? ಒಂದೇ ಒಂದು. ಸ್ಟಾಫ್ ರೂಮಿನಲ್ಲಿ ನನ್ನ ಮರ್ಯಾದೆಯೆಲ್ಲ ನಿಂತದ್ದು ಅದರ ಮೇಲೆಯೇ. ಯಾರು ಏನು ಮಾತೆತ್ತಿದರೂ, ಅದು ಕಾತ್ರಜ್‌ ಟ್ರಾಫಿಕ್ಕಿನ ಮಾತಾದರೂ ಸೈ, 'ನನ್ನ ಪ್ರಬಂಧದಲ್ಲಿ ಹೇಳಿದ ಹಾಗೆ' ಅಂತ ಶುರುಮಾಡುತ್ತಿದ್ದೆ. ಜನ ಚಹಾದ ಕಪ್ಪು ಹಿಡಿದುಕೊಂಡು ಎದ್ದು ಹೋಗುತ್ತಿದ್ದರು.

ಪಾಠದಲ್ಲಿ ನನ್ನದೊಂದು ಮಂತ್ರವಿತ್ತು. "ಸಾರಾಂಶ ಬಿಡಿ, ಅದು ಮದುವೆಯ ಆಲ್ಬಮ್ಮು, ಅದರಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ಮೊದಲು ಕೊನೆಯ ಪುಟದ ಕೃತಜ್ಞತೆ ಓದಿ. ಕೆಲಸ ಯಾರ ಹಂಗಿನಲ್ಲಿ ನಡೆಯಿತು ಅಂತ ಅಲ್ಲಿ ಗೊತ್ತಾಗುತ್ತದೆ." ಹೀಗೆ ಹೇಳಿ, ಎಲ್ಲರೂ ಬರೆದುಕೊಳ್ಳಲಿ ಅಂತ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ.

ಹೋದ ವರ್ಷ ನನಗೊಂದು ದುರ್ಬುದ್ಧಿ ಬಂತು. ನನ್ನ ಪ್ರಬಂಧವನ್ನೇ ತೆಗೆದು, ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ, ಝೆರಾಕ್ಸ್ ಮಾಡಿಸಿ ಕ್ಲಾಸಿಗೆ ಹಂಚಿದೆ. "ಬರೆದವರ ಹೆಸರು ಕಂಡರೆ ಮುಲಾಜು ಬರುತ್ತದೆ, ಅದಕ್ಕೇ ಮುಚ್ಚಿದ್ದೇನೆ. ಓದಿ, ವಿಮರ್ಶೆ ಬರೆದುಕೊಂಡು ಬನ್ನಿ" ಎಂದೆ. ಸುಳ್ಳು ಯಾಕೆ, ಮರೆಯಲ್ಲಿ ನಿಂತು ನನ್ನ ಹೊಗಳಿಕೆ ಕೇಳುವ ಚಪಲ ಅಷ್ಟೇ.

ಪ್ರಬಂಧವಿದ್ದದ್ದು ಯಾದಗಿರಿ ಕಡೆಯಿಂದ ಬಂದು ಪುಣೆಯ ಕಟ್ಟಡಗಳಲ್ಲಿ ಇಟ್ಟಿಗೆ, ಸಿಮೆಂಟು ಹೊರುವ ಹೆಣ್ಣುಮಕ್ಕಳ ಬಗ್ಗೆ. ಕನ್ನಡದಲ್ಲೇ ಮಾತಾಡಿಸಿ, "ದಣಿವಾಗ್ತದೇನ್ರಿ?" ಎಂದು ಕೇಳಿದ್ದೆ. ಒಬ್ಬೊಬ್ಬರೂ ಇಲ್ಲ ಎಂದಿದ್ದರು. ಅದರ ಮೇಲೆ 'ದುಡಿಮೆಯಲ್ಲೇ ತೃಪ್ತಿ' ಎಂದು ಪುಟಗಟ್ಟಲೆ ಬರೆದಿದ್ದೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು.

ವಾರದ ಮೇಲೆ ವಿಮರ್ಶೆಗಳು ಬಂದವು. ಆಹಾ, ಏನು ಹೊಗಳಿಕೆ! 'ಸೂಕ್ಷ್ಮ' ಅಂತ ಒಬ್ಬ, 'ಅಂತಃಕರಣ' ಅಂತ ಇನ್ನೊಬ್ಬಳು. ಎರಡೆರಡು ಸಲ ಓದಿಕೊಂಡೆ. ಕೊನೆಗೆ ಸಿಕ್ಕಿದ್ದು ಹಿಂದಿನ ಬೆಂಚಿನ ಹುಡುಗಿಯದು. ಅಪ್ಪ ಅವ್ವ ಇಬ್ಬರೂ ಕಟ್ಟಡದ ಕೆಲಸದವರು, ಯಾದಗಿರಿ ಕಡೆಯವರೇ. ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳು ಬರೆದದ್ದು ಅರ್ಧ ಪುಟ: 'ಕೃತಜ್ಞತೆ ಮೊದಲು ಓದಿದೆ. ಮಾತುಕತೆ ಮುಗಿಯುವವರೆಗೂ ಪಕ್ಕದಲ್ಲೇ ನಿಂತು ಸಹಕರಿಸಿದ ಮುಕಾದಮರಿಗೆ ಋಣಿ ಎಂದಿದೆ. ಕೂಲಿಗೆ ಕರೆಯುವವನೂ ಬಿಡಿಸುವವನೂ ಆ ಮುಕಾದಮನೇ. ಅವನ ಮುಂದೆ ದಣಿವಾಗುತ್ತದೆ ಎಂದು ಯಾರು ಹೇಳುತ್ತಾರೆ? ಉಳಿದ ಪುಟಗಳಿಗೆ ಅರ್ಥವಿಲ್ಲ.'

ಹೆಸರು ಮುಚ್ಚಿದ ಜಾಣ ಕೃತಜ್ಞತೆ ಮುಚ್ಚಲು ಮರೆತಿದ್ದ. ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದ ಹುಡುಗಿ, ಇವಳೇನು ನನಗೆ ಹೇಳುವುದು! ಹತ್ತಕ್ಕೆ ನಾಲ್ಕು ಹಾಕಿ, 'ಪೂರ್ತಿ ಓದುವುದು ಕಲಿಯಬೇಕು' ಎಂದು ಪಕ್ಕದಲ್ಲಿ ಗೀಚಿದೆ.

ಆದರೆ ಊಟಕ್ಕೆ ಕೂತಾಗ ಆ ದಿನದ್ದೆಲ್ಲ ನೆನಪಾಯಿತು. ಆ ಮುಕಾದಮ ನನಗೆ ಕುರ್ಚಿ ತರಿಸಿದ್ದ, ಚಹಾ ತರಿಸಿದ್ದ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡಿದ್ದೆ. ಉತ್ತರ ಹೇಳುವ ಮೊದಲು ಪ್ರತಿಯೊಬ್ಬ ಹೆಂಗಸೂ ಅವನ ಕಡೆ ಒಂದು ಸಲ ನೋಡಿದ್ದಳು. ನಾನು ಅದನ್ನು 'ನಾಚಿಕೆ' ಎಂದು ಬರೆದುಕೊಂಡಿದ್ದೆ. ಎದ್ದು ಹೋಗಿ ನಾಲ್ಕನ್ನು ಅಳಿಸಿ ಒಂಬತ್ತು ಮಾಡಿದೆ. ಹತ್ತು ಕೊಡಲು ಕೈ ಬರಲಿಲ್ಲ, ನನ್ನ ಹಣೆಬರಹ.

ಮರುದಿನ ಅವಳನ್ನು ಕರೆದೆ. "ಅದು ನಂದೇ ಪ್ರಬಂಧ ನೋಡವಾ" ಎಂದೆ.

"ಗೊತ್ತದರಿ ಸರ್. ನೀವು ಕ್ಲಾಸಿನ್ಯಾಗ ಹೇಳೂ ಮಾತೆಲ್ಲಾ ಅದರಾಗ ಅವ. ಎಲ್ಲಾರಿಗೂ ಗೊತ್ತದ."

ಅಂದರೆ ಉಳಿದವರೆಲ್ಲ ಗೊತ್ತಿದ್ದೇ ಹೊಗಳಿದ್ದರು. ಅಂಕ ಹಾಕುವವನು ಎದುರಿಗೇ ನಿಂತಿದ್ದನಲ್ಲ.

"ಮತ್ತ ನೀ ಯಾಕ ಹಿಂಗ ಬರದಿ?"

"ಮುಲಾಜು ಬ್ಯಾಡ ಅಂತ ನೀವ ಹೇಳಿದ್ರಲ್ರಿ" ಎಂದಳು. ಬಾಗಿಲ ತನಕ ಹೋಗಿ ತಿರುಗಿ, "ನಮ್ಮವ್ವನ್ನ ಕೇಳ್ರಿ ಸರ್. ಐತವಾರ ಬರ್ರಿ. ಸಂಗಡ ಯಾರನೂ ಕರಕೊಂಡು ಬರಬ್ಯಾಡ್ರಿ" ಎಂದಳು.

ಭಾನುವಾರ ಫೈಲು ಹಿಡಿದು ಹೋದೆ. ಈ ಸಲವಾದರೂ ಖರೇ ಉತ್ತರ ತರಬೇಕು, ನನ್ನ ಒಂದೇ ಒಂದು ಪ್ರಬಂಧ ಪೂರ್ತಿ ಸುಳ್ಳೋ ಏನಾದರೂ ಉಳಿಯುತ್ತದೋ ನೋಡಬೇಕು ಎಂಬ ಹಟ. ಅವರ ಸಂಸಾರವಿದ್ದದ್ದು ಅವರೇ ಕಟ್ಟುತ್ತಿದ್ದ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ. ಲಿಫ್ಟು ಇನ್ನೂ ಕೂಡಿಸಿರಲಿಲ್ಲ. ಮೂರನೇ ಮಾಳಿಗೆಯಲ್ಲಿ ಗುಡ್ಡ ನೋಡುವವನ ಹಾಗೆ ನಟಿಸುತ್ತ ನಿಂತೆ. ಮೇಲೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಎದ್ದು ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ಫೈಲು ಬಿಚ್ಚುವ ಮೊದಲೇ ಅವಳೇ ಕೇಳಿದಳು, "ಭಾಳ ದಣದೀರೇನ್ರಿ ಸರ್?"

"ಛೇ ಛೇ, ಇಲ್ರಿ" ಎಂದೆ, ಏದುಸಿರು ಬಿಡುತ್ತ. "ದಣಿವು ಎಲ್ಲೀದ್ರಿ?"

ಅವಳು ಮಗಳ ಕಡೆ ತಿರುಗಿ ನಕ್ಕಳು.

"ಬರಕೋ ಯವ್ವಾ, ಸರು ದಣದಿಲ್ಲಂತ."