ಗಾಶೆ ಗೆಬೆಯೆಹು ಹೇಳಿದ ಕೊನೆ

ಹೊಸ ಪಠ್ಯಕ್ರಮದ ಪಟ್ಟಿ ಪರದೆಯ ಮೇಲೆ ಮೂಡಿದಾಗ ಅಸ್ನಾಕೆಚ್ ಮೊದಲು ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡು ಮತ್ತೆ ನೋಡಿದಳು. ಮೂರನೇ ವರ್ಷದಲ್ಲಿ 'ಕಾದಂಬರಿ' ಇರಬೇಕಾದ ಜಾಗದಲ್ಲಿ 'ಹೋಟೆಲ್ ಮತ್ತು ಪ್ರವಾಸೋದ್ಯಮಕ್ಕೆ ಇಂಗ್ಲಿಷ್' ಅಂತ ಕೂತಿತ್ತು.

"ಚಾಲ್ತು, ಕಾದಂಬರಿ ಎಲ್ಲೇ ಹೋಯ್ತು?" ಅಂತ ಪಕ್ಕದವಳ ಮೊಣಕೈ ಹಿಡಿದಳು.

ಚಾಲ್ತು ಪೂರ್ವದ ಕಡೆಯ ವಿಶ್ವವಿದ್ಯಾಲಯದವಳು, ಹೋಟೆಲಿನಲ್ಲಿ ಅಸ್ನಾಕೆಚ್‌ಳ ಕೋಣೆಯ ಜೊತೆಗಾತಿ. ಬಾಯಿ ಸ್ವಲ್ಪ ಜೋರು. "ನುಂಗಿ ನೀರು ಕುಡಿದವ್ರೆ ಕಣೇ. ನನ್ನ ಧ್ವನಿಶಾಸ್ತ್ರ ಉಳೀತಲ್ಲ, ನನಗೆ ಅಷ್ಟೇ ಸಾಕು. ನೀನು ಇನ್ಮೇಲೆ 'ರೂಮು ಖಾಲಿ ಇದೆಯಾ, ಬಿಸಿನೀರು ಬರುತ್ತಾ' ಅಂತ ಪಾಠ ಮಾಡು, ಹೋಗು."

ನಗುವ ಸ್ಥಿತಿಯಲ್ಲಿ ಅಸ್ನಾಕೆಚ್ ಇರಲಿಲ್ಲ. ಬಿಶೋಫ್ತುವಿನ ಕೆರೆದಂಡೆಯ ಆ ಹೋಟೆಲಿಗೆ ದೇಶದ ಒಂದೊಂದು ವಿಶ್ವವಿದ್ಯಾಲಯದಿಂದಲೂ ಒಬ್ಬೊಬ್ಬರನ್ನು ಕರೆಸಿದ್ದರು. ಇಲ್ಲಿ ಏನು ತೀರ್ಮಾನವಾಗುತ್ತದೋ ಅದನ್ನೇ ಇಡೀ ಇಥಿಯೋಪಿಯದ ಇಂಗ್ಲಿಷ್ ವಿಭಾಗಗಳು ಕಲಿಸಬೇಕು. ಇಲ್ಲಿ ಹೊಡೆದುಹಾಕಿದರೆ ಮುಗಿಯಿತು, ಇನ್ನು ಯಾವ ಊರಿನ ಯಾವ ಹುಡುಗಿಗೂ ಕಾದಂಬರಿಯಿಲ್ಲ. ಅಸ್ನಾಕೆಚ್ ತನ್ನ ಅರ್ಧ ಆಯುಷ್ಯ ಕಲಿಸಿದ್ದು ಅದೊಂದನ್ನೇ.

ಸಮಿತಿಯ ಅಧ್ಯಕ್ಷ ಡಾಕ್ಟರ್ ಮೆಸೆಲೆ ಬೇರೆ ಯಾರೂ ಅಲ್ಲ, ಅವಳ ಸಹಪಾಠಿ. ಒಂದು ಕಾಲದಲ್ಲಿ ಅವಳಿಂದ ಪೆನ್ನು ಸಾಲ ತಗೊಂಡು ವಾಪಸು ಕೊಡದ ಮನುಷ್ಯ. ಈಗ ಟೈ ಕಟ್ಟಿಕೊಂಡು, "ಯಾರಿಗಾದರೂ ಆಕ್ಷೇಪಣೆ ಇದ್ದರೆ ನಾಳೆ ಬೆಳಿಗ್ಗೆ ಹೇಳಿ, ಆಮೇಲೆ ಕೈಯೆತ್ತಿಸಿಬಿಡೋಣ" ಅಂದ. ಎಷ್ಟು ಸಲೀಸು ನೋಡಿ! ಊಟಕ್ಕೆ ಕಡಲೆಹಿಟ್ಟಿನ ಶಿರೋ ಬೇಕೋ ಸೊಪ್ಪು ಬೇಕೋ ಅಂತ ಕೇಳಿದ ಹಾಗೆ.

ಅಸ್ನಾಕೆಚ್‌ಗೆ ಒಂದೇ ಧೈರ್ಯವಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಶಾಲು ಹೊದ್ದು ಕೂತಿದ್ದ ಮುದುಕರು ಗಾಶೆ ಗೆಬೆಯೆಹು. ಗಾಶೆ ಅನ್ನುವುದು ನಮ್ಮಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಹಿರಿಯರು ಅಂತ ಕರೆಸಿದ್ದರು. ಅವಳಿಗೂ ಮೆಸೆಲೆಗೂ ಕಾದಂಬರಿ ಕಲಿಸಿದವರು, ಆ ಸಭೆಯಲ್ಲಿದ್ದ ಅರ್ಧಕ್ಕರ್ಧ ಜನಕ್ಕೂ ಗುರುಗಳು. ಅವರು ಎದ್ದು ಒಂದು ಮಾತಾಡಿದರೆ ಎದುರು ಮಾತಾಡುವ ಗಂಡಸು ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ.

ಅಸ್ನಾಕೆಚ್ ಗೊಜ್ಜಾಮಿನ ಹಳ್ಳಿಯವಳು. ಹೈಸ್ಕೂಲು ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಅವಳನ್ನು ಒಬ್ಬ ಧಾನ್ಯದ ವ್ಯಾಪಾರಿಗೆ ಗೊತ್ತುಮಾಡಿದ್ದ. ಮಾವನಾಗಬೇಕಾದ ವಯಸ್ಸಿನವನು ಗಂಡನಾಗಲು ಬಂದಿದ್ದ. ಇವಳು ಆಗಲ್ಲ ಅಂದಳು. "ಹಾಗಾದ್ರೆ ಹೊರಡು. ಮತ್ತೆ ನನ್ನ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ" ಅಂದ ಅಪ್ಪ. ಹೊರಟಳು. ರಾಜಧಾನಿಗೆ ಬಂದು ವಿಶ್ವವಿದ್ಯಾಲಯ ಸೇರಿದಳು. ನರ್ಸ್ ಆಗಬೇಕು ಅಂತ ಬಂದವಳಿಗೆ ಇಂಗ್ಲಿಷ್ ಕೊಟ್ಟರು. ನಮ್ಮಲ್ಲಿ ಯಾವ ವಿಭಾಗ ಅನ್ನುವುದನ್ನು ಅಂಕ ಹೇಳುತ್ತದೆ, ಮನಸ್ಸನ್ನು ಯಾರು ಕೇಳುತ್ತಾರೆ? ನೋಟೀಸು ಬೋರ್ಡಿನ ಮುಂದೆ ನಿಂತು ಗೊಳೋ ಅಂತ ಅತ್ತಿದ್ದಳು.

ಆಗ ಸರ್ಕಾರ ಬದಲಾದ ಹೊಸತು. ಇಡೀ ತರಗತಿಗೆ ಕಾದಂಬರಿಯ ಪ್ರತಿ ಒಂದೇ ಒಂದು. ಅದಕ್ಕೇ ಗಾಶೆ ಗೆಬೆಯೆಹು ಪುಸ್ತಕ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ದಿನಾ ಒಂದಿಷ್ಟು. ಕುದುರೆಗೆ ಲಾಳ ಹೊಡೆಯುವವನೊಬ್ಬನ ಮಗಳು ಮಾರ್ಥಾ, ಅಪ್ಪನೊಂದಿಗೆ ಜಗಳವಾಡಿ ಮನೆಬಿಟ್ಟು ಪಟ್ಟಣ ಸೇರುವ ಕಥೆ. ಅರ್ಥವಾಗದ ಕಡೆ ಅಮ್ಹಾರಿಕ್ ಭಾಷೆಯಲ್ಲಿ ಬಿಡಿಸಿ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತ ಅಸ್ನಾಕೆಚ್‌ಗೆ ಉಸಿರಾಡುವುದೇ ಮರೆತುಹೋಗುತ್ತಿತ್ತು. ಕಥೆಯ ಕೊನೆಯಲ್ಲಿ ಹಿಮ ಬೀಳುವ ಸಂಜೆ ಮಾರ್ಥಾ ಬಂದು ಬಾಗಿಲು ತಟ್ಟುತ್ತಾಳೆ. ಅಪ್ಪ ಬಾಗಿಲು ತೆಗೆಯುತ್ತಾನೆ. ಒಂದೂ ಮಾತಾಡದೆ ಬೆಂಕಿಯ ಪಕ್ಕದಿಂದ ತನ್ನ ಕುರ್ಚಿ ಸರಿಸಿ ಅವಳಿಗೆ ಜಾಗ ಬಿಡುತ್ತಾನೆ.

ಆ ವಾರವೇ ಈಸ್ಟರಿಗೆ, ಅಂದರೆ ನಮ್ಮ ಫಾಸಿಕಾಗೆ, ಅಸ್ನಾಕೆಚ್ ಊರಿನ ಬಸ್ಸು ಹತ್ತಿದಳು. ಹೆದರುತ್ತಲೇ ಬಾಗಿಲು ತಟ್ಟಿದಳು. ಅಪ್ಪ ತೆಗೆದ. ಬೈಯಲಿಲ್ಲ, ಕಾಲೂ ಮುರಿಯಲಿಲ್ಲ. ಹಬ್ಬದ ಕೋಳಿಸಾರಿನಲ್ಲಿ ಇಂಜೆರಾ ರೊಟ್ಟಿ ಅದ್ದಿ, ಮೊದಲ ತುತ್ತನ್ನು ತನ್ನ ಕೈಯಾರೆ ಅವಳ ಬಾಯಿಗಿಟ್ಟ. ಅವನು ಸಾಯುವವರೆಗೂ ಅಪ್ಪ ಮಗಳು ಚೆನ್ನಾಗಿದ್ದರು. ಈ ವಿಷಯ ಅವಳು ಯಾರಿಗೂ ಹೇಳಿಕೊಂಡವಳಲ್ಲ. ಆದರೆ ಕಾದಂಬರಿಯೊಂದನ್ನು ಬಿಟ್ಟು ಬೇರೇನೂ ಕಲಿಸುವುದಿಲ್ಲ ಅಂತ ಅವಳು ಹಟಹಿಡಿದದ್ದು ಆವತ್ತಿನಿಂದಲೇ. ತಾನು ಕೆಲಸಕ್ಕೆ ಸೇರಿದ ದೂರದ ವಿಶ್ವವಿದ್ಯಾಲಯದಲ್ಲೂ ಅದೇ ಪ್ರತಿಯ ಜೆರಾಕ್ಸ್ ಹಿಡಿದು, ಗಾಶೆ ಓದಿದ ಹಾಗೇ ಗಟ್ಟಿಯಾಗಿ ಓದಿದಳು. ಕೊನೆಯ ಹಾಳೆಗಳು ಅದರಲ್ಲಿ ಇರಲಿಲ್ಲ. ಯಾವಾಗಲೋ ಕಿತ್ತುಹೋಗಿರಬೇಕು ಅಂದುಕೊಂಡು ಆ ಭಾಗವನ್ನು ಬಾಯಲ್ಲೇ ಹೇಳಿ ಮುಗಿಸುತ್ತಿದ್ದಳು. ಗೊತ್ತಿರುವ ಕಥೆಯನ್ನು ಯಾರು ಹುಡುಕಿ ನೋಡುತ್ತಾರೆ, ಹೇಳಿ?

ಅವತ್ತು ಮಧ್ಯಾಹ್ನ ಎಲ್ಲರೂ ಕೆರೆ ನೋಡಲು ಹೋದರು. ಇವಳು ಕೋಣೆಯಲ್ಲೇ ಉಳಿದು ನಾಳೆಯ ಮಾತಿಗೆ ತಯಾರಿ ನಡೆಸಿದಳು. ಸಭೆಗೆ ಬಂದವರಿಗೆಲ್ಲ ಒಂದೊಂದು ಪೆನ್‌ಡ್ರೈವ್ ಹಂಚಿದ್ದರು, ಅದರಲ್ಲಿ ಪುಸ್ತಕಗಳ ರಾಶಿಯೇ ಇತ್ತು. ಮಾರ್ಥಾಳ ಕಥೆಯೂ ಇತ್ತು. ಕೊನೆಯ ಸಾಲುಗಳನ್ನು ನಾಳೆ ಓದಿ ಹೇಳಿದರೆ ಎಂಥ ಕಲ್ಲೆದೆಯೂ ಕರಗುತ್ತದೆ ಅಂತ ಖುಷಿಯಿಂದ ಕೊನೆಯ ಅಧ್ಯಾಯ ತೆಗೆದಳು.

ಹಿಮ ಬೀಳುತ್ತಿತ್ತು. ಮಾರ್ಥಾ ಬಾಗಿಲು ತಟ್ಟಿದಳು. ಒಳಗಿದ್ದ ಅಪ್ಪ ಆ ಸದ್ದು ಕೇಳಿದ, ಮಗಳೇ ಅಂತ ಗುರುತೂ ಹಿಡಿದ. ಎದ್ದು ಬಂದು ದೀಪ ಆರಿಸಿದ. ಅಷ್ಟೇ. ಪುಸ್ತಕ ಮುಗಿದಿತ್ತು.

ಅಸ್ನಾಕೆಚ್ ಕನ್ನಡಕ ಒರೆಸಿ ಮತ್ತೆ ಓದಿದಳು. ಬೇರೆ ಪುಸ್ತಕವಿರಬೇಕು ಅಂತ ಮೊದಲ ಪುಟಕ್ಕೆ ಹೋದಳು, ಅದೇ ಲಾಳದವನು, ಅದೇ ಮಾರ್ಥಾ. ಮತ್ತೆ ಕೊನೆಗೆ ಬಂದಳು, ಮತ್ತೆ ದೀಪ ಆರಿತು. ಕೆರೆಯಿಂದ ವಾಪಸಾದ ಚಾಲ್ತು, ಮಂಚದ ಮೇಲೆ ಕಲ್ಲಿನಂತೆ ಕೂತವಳನ್ನು ನೋಡಿ ಗಾಬರಿಯಾದಳು.

"ಏನಾಯ್ತೇ? ಮನೇಲಿ ಯಾರಿಗಾದ್ರೂ ಏನಾದ್ರೂ…?"

"ನಾನು ಇಷ್ಟು ವರ್ಷ ಸುಳ್ಳು ಪಾಠ ಮಾಡಿದೀನಿ, ಚಾಲ್ತು. ಗಾಶೆ ನಮಗೆ ಸುಳ್ಳು ಹೇಳಿದ್ರು."

ಪೂರ್ತಿ ಕೇಳಿದ ಮೇಲೆ ಚಾಲ್ತು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ! ನಾನೂ ಅದೇ ಕೊನೆ ಬರೆದು ಪಾಸಾದವಳು ಕಣೇ. ನಮ್ಮ ಮೇಷ್ಟ್ರೂ ಗಾಶೆ ಶಿಷ್ಯರೇ, ಅವರ ನೋಟ್ಸಲ್ಲಿ ಕುರ್ಚಿ ಸರಿಸೋದೇ ಇತ್ತು!" ಆಮೇಲೆ ದನಿ ತಗ್ಗಿಸಿದಳು. "ನಾಳೆ ಇದನ್ನೇ ಹೇಳು. ದೇಶದಲ್ಲಿ ಒಬ್ಬರೂ ಪುಸ್ತಕ ಓದಿಲ್ಲ, ಅದಕ್ಕೇ ಕಾದಂಬರಿ ಇರಬೇಕು ಅನ್ನು. ಮೆಸೆಲೆ ಬಾಯಿ ಬಿಡಕ್ಕಾಗಲ್ಲ."

"ಗಾಶೆ ಮುಂದೇನೇ ಕೂತಿರ್ತಾರಲ್ಲೇ! ಆ ವಯಸ್ಸಿನವರ ಮಾನ ತುಂಬಿದ ಸಭೆಯಲ್ಲಿ ಕಳೆಯೋದಾ?"

"ಹಾಗಾದ್ರೆ ಬಿಸಿನೀರಿನ ಪಾಠಕ್ಕೆ ತಯಾರಾಗು."

ಬೆಳಿಗ್ಗೆ ಅಸ್ನಾಕೆಚ್ ಎದ್ದು ನಿಂತಾಗ ತಾನು ಯಾವ ಮಾತು ಆಡುತ್ತೇನೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ. ಕಾದಂಬರಿ ಓದಿದ ಮಕ್ಕಳು ಬದುಕುವುದಕ್ಕೆ ಕಲಿಯುತ್ತಾರೆ ಅಂತ ಏನೋ ತೊದಲಿದಳು. ಮೆಸೆಲೆ ನಕ್ಕ.

"ಅಸ್ನಾಕೆಚ್ ಅವರೇ, ಬದುಕೋದನ್ನ ಅಂಕಪಟ್ಟೀಲಿ ಯಾವ ಕಾಲಮ್ಮಿಗೆ ಹಾಕೋಣ? ನೋಡಿ, ಕಥೆ ತಿಳಿಯೋಕೆ ಎರಡು ಪುಟದ ನೋಟ್ಸ್ ಸಾಕು. ಆ ಮಾರ್ಥಾ ಕಥೇನೇ ತಗೊಳ್ಳಿ. ನಾವೆಲ್ಲ ಓದಿದ್ದೇ ಅಲ್ವಾ? ಮಗಳು ಬರ್ತಾಳೆ, ಅಪ್ಪ ಬಾಗಿಲು ತೆಗೀತಾನೆ, ಕುರ್ಚಿ ಸರಿಸ್ತಾನೆ. ಮೂವತ್ತು ವರ್ಷವಾದ್ರೂ ಮರೆತಿಲ್ಲ ನಾನು. ಅದಕ್ಕೊಂದು ಇಡೀ ಸೆಮಿಸ್ಟರ್ ಬೇಕಾ?"

ಸಭೆಯ ತಲೆಗಳೆಲ್ಲ ಹೌದು ಹೌದು ಅಂತ ಅಲ್ಲಾಡಿದವು. ಡಾಕ್ಟರುಗಳು, ವಿಭಾಗದ ಮುಖ್ಯಸ್ಥರು, ಪುಸ್ತಕದ ಮೇಲೆ ಪುಸ್ತಕ ಬರೆದವರು, ಎಲ್ಲರೂ! ಅಷ್ಟು ಜನರಲ್ಲಿ ಒಬ್ಬರೂ, ಒಂದು ಸಲವೂ, ಆ ಪುಸ್ತಕ ಮುಗಿಸಿರಲಿಲ್ಲ. ಅಸ್ನಾಕೆಚ್ ಬಾಯಿಂದ ಮಾತು ಜಾರಿಯೇ ಹೋಯಿತು.

"ಆ ಕಥೆಯ ಕೊನೆ ಹಾಗಿಲ್ಲ, ಡಾಕ್ಟರ್ ಮೆಸೆಲೆ."

"ಏನಂದ್ರಿ?"

"ನಿಮ್ಮೆಲ್ಲರ ಪೆನ್‌ಡ್ರೈವಲ್ಲೂ ಪುಸ್ತಕ ಇದೆ. ಕೊನೆಯ ಪುಟ ತೆಗೆದು ಓದಿ."

ಲ್ಯಾಪ್‌ಟಾಪುಗಳು ತೆರೆದುಕೊಂಡವು. ಒಂದು ಮೂಲೆಯಿಂದ "ಏಸುವೇ!" ಅಂತ ಒಂದು ದನಿ ಬಂತು. ಹಿಂದಿನ ಸಾಲಿನಲ್ಲಿ ಯಾರೋ "ದೀಪ ಆರಿಸಿಬಿಟ್ನಾ?" ಅಂತ ಪಿಸುಗುಟ್ಟಿದರು. ಮೆಸೆಲೆ ಪರದೆಯಿಂದ ತಲೆಯೆತ್ತಿದ. "ಹಾಗಾದ್ರೆ ಆ ಕುರ್ಚಿ… ಅದನ್ನ ಯಾರು ಹೇಳಿದ್ದು ನಮಗೆ?"

ಅಸ್ನಾಕೆಚ್ ತಲೆತಗ್ಗಿಸಿ ತನ್ನ ಲ್ಯಾಪ್‌ಟಾಪ್ ಮುಚ್ಚಿದಳು. ಮುಂದಿನ ಸಾಲಿನಲ್ಲಿ ಬಿಳಿ ಶಾಲು ನಿಧಾನಕ್ಕೆ ಮೇಲೆದ್ದಿತು.

"ನಾನು," ಅಂದರು ಗಾಶೆ ಗೆಬೆಯೆಹು. "ಪುಸ್ತಕದಲ್ಲಿ ಹಾಳೆ ಇರಲಿಲ್ಲ. ಆ ಕೊನೆ ನಂದು." ಅಷ್ಟೇ ಹೇಳಿ ಕೂತುಬಿಟ್ಟರು.

ಇನ್ನು ಕಾದಂಬರಿ ಉಳಿಯುತ್ತದೆ ಅಂತ ಅಸ್ನಾಕೆಚ್ ನಂಬಿದ್ದಳು. ಇಷ್ಟು ದೊಡ್ಡ ಹುಳುಕು ಕಣ್ಣೆದುರು ಬಂದ ಮೇಲೂ ಯಾರು ಬೇಡ ಅನ್ನುತ್ತಾರೆ? ಆದರೆ ಮೆಸೆಲೆ ನೀರು ಕುಡಿದು, ಟೈ ಸರಿಮಾಡಿಕೊಂಡು ಅಂದ: "ಅಸ್ನಾಕೆಚ್ ಅವರಿಗೆ ನಾವು ಋಣಿಗಳು. ಪುಸ್ತಕ ಓದಿ ಕಲಿಸುವವರು ಈ ದೇಶದಲ್ಲಿ ಇಲ್ಲವೇ ಇಲ್ಲ ಅಂತ ಅವರೇ ತೋರಿಸಿಕೊಟ್ರು. ಕಲಿಸುವವರೇ ಇಲ್ಲದ ವಿಷಯ ಇಟ್ಟುಕೊಂಡು ಮಕ್ಕಳಿಗೆ ಮೋಸ ಮಾಡೋದು ಬೇಡ. ತೆಗೆಯೋದಕ್ಕೆ ಒಪ್ಪುವವರು ಕೈ ಎತ್ತಿ."

ಕೈಗಳು ಎದ್ದವು. ನಾಚಿಕೆಪಟ್ಟ ಜನ ಎಷ್ಟು ಬೇಗ ಕೈಯೆತ್ತುತ್ತಾರೆ ಅನ್ನುವುದನ್ನು ಅಸ್ನಾಕೆಚ್ ಅವತ್ತು ಕಂಡಳು. ಚಾಲ್ತು ಅವಳ ಮುಖ ನೋಡದೆ ತಾನೂ ಕೈ ಎತ್ತಿದಳು. ಇವಳು ಗುರುವಿನ ಮಾನವನ್ನೂ ಕಳೆದಿದ್ದಳು, ಕಾದಂಬರಿಯನ್ನೂ ಕಳೆದುಕೊಂಡಿದ್ದಳು. ಒಂದೇ ಬೆಳಿಗ್ಗೆ, ಒಂದೇ ಬಾಯಿಂದ. ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಜಗುಲಿಗೆ ಬಂದಳು.

ಕೈಯೆತ್ತಿಸುವ ಹೊತ್ತಿಗೇ ಎದ್ದುಬಂದಿದ್ದ ಗಾಶೆ ಆಗಲೇ ಅಲ್ಲಿ ಕೂತಿದ್ದರು. ಹೋಟೆಲಿನ ಹೆಂಗಸು ಕಾಫಿ ಬೀಜ ಹುರಿಯುತ್ತಿದ್ದಳು. ಅಸ್ನಾಕೆಚ್ ಅವರ ಮೊಣಕಾಲು ಮುಟ್ಟಲು ಬಗ್ಗಿದಳು. ಅವರು ಭುಜ ಹಿಡಿದು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡರು.

"ತಪ್ಪಾಯ್ತು ಗಾಶೆ."

"ಅಳಬೇಡ ಮಗಳೇ. ನನ್ನ ಕಣ್ಣು ಮಂಜಾಗಿದೆ, ಪರದೆ ಮೇಲಿನ ಅಕ್ಷರ ಕಾಣಲಿಲ್ಲ. ನಿಜವಾದ ಕೊನೆ ಏನಂತ ಓದಿ ಹೇಳು. ನನಗೂ ಗೊತ್ತಿಲ್ಲ."

ಹೋಟೆಲಿನ ಹೆಂಗಸು ಬಗ್ಗಿಸಿಕೊಟ್ಟ ಕಾಫಿ ಹಿಡಿದು ಅವರು ಕೇಳುತ್ತಿದ್ದಂತೆ ಅವಳು ಲ್ಯಾಪ್‌ಟಾಪ್ ತೆರೆದು ಓದಿದಳು. ದೀಪ ಆರಿಸುವ ಸಾಲು ಬಂದಾಗ ಮುದುಕರ ಕೈಯಲ್ಲಿದ್ದ ಬಟ್ಟಲು ವಾಲಿ ಕಾಫಿ ಶಾಲಿನ ಮೇಲೆ ಚೆಲ್ಲಿತು.

ಅಸ್ನಾಕೆಚ್‌ಗೆ ತಡೆಯಲಾಗಲಿಲ್ಲ. "ಯಾಕೆ ಗಾಶೆ? ಹಾಳೆ ಇಲ್ಲ ಅಂತ ಹೇಳಿದ್ರೆ ಆಗ್ತಿರಲಿಲ್ವಾ? ಕಟ್ಟುಕಥೆ ಯಾಕೆ ಹೇಳಿದ್ರಿ ನಮಗೆ?"

"ಹಾಳೆ ಇಲ್ಲ ಅಂತಾನೇ ಹೇಳ್ತಿದ್ದೆ, ನಿಮಗಿಂತ ಮುಂಚಿನ ತರಗತಿಗಳಿಗೆ. ನಿಮ್ಮ ತರಗತಿಗೂ ಹಾಗೇ ಹೇಳಿ ಮುಗಿಸಬೇಕು ಅಂತಿದ್ದೆ. ಅದರ ಹಿಂದಿನ ದಿನ ಹಾಸ್ಟೆಲಿನ ಅಡುಗೆಯವಳು ಬಂದಳು. ಫಾಸಿಕಾಗೆ ಎಲ್ಲಾ ಹುಡುಗೀರೂ ಊರಿಗೆ ಹೊರಟವ್ರೆ, ಗೊಜ್ಜಾಮಿನ ಹುಡುಗಿ ಒಬ್ಬಳು ಮಾತ್ರ ಅಪ್ಪನ ಹೆದರಿಕೆಗೆ ಇಲ್ಲೇ ಅಳ್ತಾ ಕೂತವಳೆ ಅಂದಳು."

ಅಸ್ನಾಕೆಚ್ ಅವರ ಶಾಲಿನ ಅಂಚು ಹಿಡಿದುಕೊಂಡಳು.

"ಪುಸ್ತಕ ಮುಖದ ಮುಂದೆ ಹಿಡಿದು, ಇಲ್ಲದ ಹಾಳೆ ಓದಿದೆ. ಮಾರನೇ ದಿನ ನೀನು ಬಸ್ಸು ಹತ್ತಿದೆ ಅಂತ ಗೊತ್ತಾಯ್ತು. ಆಮೇಲೆ ನನಗೆ ಜೀವವೇ ಬಾಯಿಗೆ ಬಂತು. ಅಯ್ಯೋ, ಯಾರದೋ ಮಗಳನ್ನ ಸುಳ್ಳು ಹೇಳಿ ಕಳಿಸಿದೆನಲ್ಲ, ಆ ಮನುಷ್ಯ ಏನು ಮಾಡಿಬಿಟ್ಟನೋ ಅಂತ. ನೀನು ವಾಪಸು ಬಂದೆ, ಏನೂ ಹೇಳಲಿಲ್ಲ. ನನಗೆ ಕೇಳೋಕೆ ಧೈರ್ಯ ಬರಲಿಲ್ಲ." ಮಂಜುಗಣ್ಣುಗಳನ್ನು ಅವಳ ಕಡೆ ತಿರುಗಿಸಿದರು. "ಈಗ ಕೇಳ್ತೀನಿ. ನಿಮ್ಮಪ್ಪ ಬಾಗಿಲು ತೆಗೆದನಾ, ಮಗಳೇ?"

ಅವಳು ಅವರ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟಳು.

"ತೆಗೆದರು, ಗಾಶೆ," ಅಂದಳು.